ಹೆಳವ ಬಾರದ ಮನೆ

ಉತ್ತರ ಕರ್ನಾಟಕದ ಕಡೆಯಿಂದ ಬಂದ ಗೆಳೆಯರಿಗೆ ಹೆಳವರ ಪರಿಚಯ ಇದ್ದೇ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಊರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆಯ ಮೂಲಪುರುಷ ಯಾರು, ಯಾವ ಊರಿಂದ ಬಂದ, ಅವನಿಗೆ ಎಷ್ಟು ಮಕ್ಕಳು, ಯಾವ ಮಗ ಎಲ್ಲಿ ಒಕ್ಕಲಾದ ಅಂತ ಗಡಗಡನೆ ಹೇಳಿ, ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನೂ ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಜಾನಪದದ ಪೇಪರಿಗೆ ಇದನ್ನು ಓದಿ ಉತ್ತರ ಬರೆದವರು ನಾವು. ಆದರೆ ಒಂದು ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ಕಂಡಿಲ್ಲ. ಹೆಳವ ಯಾರ ಮನೆಗೆ ಬರುವುದಿಲ್ಲ?

ಹೊಲವಿಲ್ಲದವರ ಮನೆಗೆ ಬರುವುದಿಲ್ಲ. ಊರು ಬಿಟ್ಟು ಸುದ್ದಿಯಿಲ್ಲದೆ ಹೋದವರ ಮನೆಗೆ ಬರುವುದಿಲ್ಲ. ಅನಾಥಾಶ್ರಮದಲ್ಲಿ ಬೆಳೆದವಳ ಮನೆಗಂತೂ ಬರುವ ಮಾತೇ ಇಲ್ಲ. ನಮ್ಮಜ್ಜಿ, ಅಂದರೆ ನಮ್ಮಮ್ಮನ ತಾಯಿ, ಅಂಥವಳು. ನಾನು ಇದನ್ನು ಬರೆಯುತ್ತಿರುವುದು ಓದುಗರ ಕನಿಕರಕ್ಕಾಗಿ ಅಲ್ಲ, ಒಂದು ವಾದಕ್ಕಾಗಿ. ವಾದ ಇಷ್ಟೇ: ಆಶ್ರಮದ ದಫ್ತರದಲ್ಲಿ ಒಂದು ಮಗುವಿನ ಬಗ್ಗೆ ಬರೆದಿಟ್ಟ ಸಾಲು ಆ ಮಗುವಿನ ಆಸ್ತಿ. ಆಶ್ರಮದ್ದಲ್ಲ. ಆ ಮಗು ಬೆಳೆದು, ಮುದುಕಿಯಾಗಿ, ಸತ್ತ ಮೇಲೆ ಅದು ಅವಳ ಮಕ್ಕಳ ಆಸ್ತಿ.

ಅಜ್ಜಿ ಮದರಾಸಿಗೆ ಬಂದದ್ದು 1957ರ ಸುಮಾರಿಗೆ, ಹೊಲಿಗೆ ಕೆಲಸ ಹುಡುಕಿಕೊಂಡು. ಆಗ ಕನ್ನಡ ಸಿನಿಮಾದ ಊರು ಬೆಂಗಳೂರಲ್ಲ, ಕೋಡಂಬಾಕ್ಕಂ ಮತ್ತು ವಡಪಳನಿ. 1954ರ ‘ಬೇಡರ ಕಣ್ಣಪ್ಪ’ದ ಹಿಂದೆ ಎ.ವಿ.ಎಂ. ಇತ್ತು. ವಿಜಯಾ ವಾಹಿನಿಯಲ್ಲಿ ಒಂದು ಫ್ಲೋರಿನಲ್ಲಿ ತೆಲುಗು, ಪಕ್ಕದ ಫ್ಲೋರಿನಲ್ಲಿ ತಮಿಳು, ಮೂಲೆಯಲ್ಲಿ ಎಲ್ಲೋ ನಮ್ಮ ಕನ್ನಡ. ಅಜ್ಜಿ ಕಾಸ್ಟ್ಯೂಮ್ ಖಾತೆಯಲ್ಲಿ ರವಿಕೆ ಹೊಲಿಯುತ್ತಿದ್ದಳು, ರಾಣಿಯರ ಸೀರೆಗೆ ಜರಿ ಅಂಚು ಕೂರಿಸುತ್ತಿದ್ದಳು. ತಾತ ಕೊಳ್ಳೇಗಾಲದ ಕಡೆಯವರು, ಲೈಟ್ ಬಾಯ್. ಮದುವೆ ಆದದ್ದು ವಡಪಳನಿ ಮುರುಗನ ಗುಡಿಯಲ್ಲಿ. ಹೆಣ್ಣಿನ ಕಡೆಯವರು ಅಂತ ನಿಂತವರು ಇಬ್ಬರು ಟೈಲರುಗಳು ಮತ್ತು ಒಬ್ಬ ಮೇಕಪ್ಪಿನವನು. ಧಾರೆ ಎರೆದವನು ಆ ಮೇಕಪ್ಪಿನವನೇ.

ಇಲ್ಲಿ ಒಂದು ತಮಾಷೆ ಇದೆ. ಅಜ್ಜಿ ಹೊಲಿದ ಬಟ್ಟೆ ತೊಟ್ಟವರು ಆಡುತ್ತಿದ್ದ ಕತೆಗಳಲ್ಲಿ ಅರ್ಧಕ್ಕರ್ಧ ಕಳೆದುಹೋದ ಮಗುವಿನದೇ ಕತೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು, ಹೊಳೆಯಲ್ಲಿ ತೇಲಿಬಿಟ್ಟ ಮಗು. ಕೊನೇ ರೀಲಿನಲ್ಲಿ ತೋಳಿನ ಮಚ್ಚೆಯೋ ಕೊರಳಿನ ತಾಯಿತವೋ ಕಂಡು ತಾಯಿ “ಮಗನೇ” ಅಂತ ಓಡಿ ಬರುತ್ತಾಳೆ, ಟಾಕೀಸಿನ ತುಂಬ ಮೂಗು ಒರೆಸುವ ಸದ್ದು. ಅಜ್ಜಿ ಇಂಥ ಪಿಕ್ಚರು ನೋಡುತ್ತಾ ಒಂದು ಹನಿ ಕಣ್ಣೀರು ಹಾಕಿದ್ದನ್ನು ನಮ್ಮಮ್ಮ ಕಂಡಿಲ್ಲವಂತೆ. “ಆ ತಾಯಿತದ ದಾರ ಇಷ್ಟು ವರ್ಷ ಹೆಂಗೆ ಉಳೀತು, ಮೂರು ತಿಂಗಳಿಗೆ ನೂಲು ಕೊಳೀತದೆ” ಅಂದಿದ್ದಳಂತೆ ಒಮ್ಮೆ. ಟೈಲರಿನ ವಿಮರ್ಶೆ. ನಮ್ಮ ಎಷ್ಟೋ ವಿಮರ್ಶಕರಿಗಿಂತ ವಾಸಿ.

“ನಿಮ್ಮೂರು ಯಾವುದಮ್ಮಾ?” ಅಂತ ಕನ್ನಡದವರು ಯಾರಾದರೂ ಕೇಳಿದರೆ “ಇದೇ, ವಡಪಳನಿ” ಅಂದುಬಿಡೋಳು. ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಕನ್ನಡಿಗರಲ್ಲಿ ಊರಿನ ಪ್ರಶ್ನೆ ಬರೀ ಊರಿನ ಪ್ರಶ್ನೆಯಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದು ಎರಡನೇ ಪ್ರಶ್ನೆಗೆ ಪೀಠಿಕೆ. ಯಾವ ಪೈಕಿ, ಯಾರ ಮನೆಯವರು, ಯಾವ ಜನ. ನಮ್ಮ ಭಾಷೆಯನ್ನೇ ನೋಡಿ. ದಿಕ್ಕಿಲ್ಲದ ಮಗುವನ್ನು ನಾವು ‘ಪರದೇಶಿ’ ಅನ್ನುತ್ತೇವೆ. ಬೇರೆ ದೇಶದವನು ಅನ್ನುವ ಮಾತು, ತಾಯಿ ತಂದೆ ಇಲ್ಲದವನು ಅಂತ ಆಗಿಬಿಟ್ಟಿದೆ. ಊರು ಹೋದರೆ ತಾಯಿ ತಂದೆಯೂ ಹೋದಂತೆ! ‘ಅನಾಥ’ ಅನ್ನುವುದು ಸಂಸ್ಕೃತದ ದಯೆ. ‘ಪರದೇಶಿ’ ಅನ್ನುವುದು ಕನ್ನಡದ ನಿಷ್ಠುರ. ಎರಡನೆಯದರಲ್ಲಿ ಸತ್ಯ ಹೆಚ್ಚಿದೆ ಅಂತ ನನ್ನ ಅಭಿಪ್ರಾಯ.

ಅಜ್ಜಿ ಬಾಲ್ಯದ ಬಗ್ಗೆ ಹೇಳಿದ್ದು ಬಹಳ ಕಡಿಮೆ. ಆದರೆ ಅವಳ ಕೈಕಾಲು ಹೇಳುತ್ತಿದ್ದವು. ಊಟ ಮಾಡುವುದು ಐದೇ ನಿಮಿಷ. ತಟ್ಟೆ ತೊಳೆದು ಬೋರಲು ಹಾಕಿ, ಎಲ್ಲರದೂ ಮುಗಿಯುವ ತನಕ ಕೈಕಟ್ಟಿ ಕೂರುವುದು. ಹೊದಿಕೆಯನ್ನು ಚೌಕಕ್ಕೆ ಚೌಕ ಕೂಡಿಸಿ ಮಡಿಚುವುದು. ಗುಡಿಯ ಗಂಟೆ ಬೆಳಗಿನ ಜಾವ ಕೇಳಿಸಿದರೆ ಎಚ್ಚರವಾಗುವುದಕ್ಕೆ ಮುಂಚೆಯೇ ಎದ್ದು ಕೂತಿರುವುದು. ಇವೆಲ್ಲಕ್ಕಿಂತ ವಿಚಿತ್ರವಾದದ್ದು ಇನ್ನೊಂದು. ಪ್ರತಿಯೊಂದು ಹೊಸ ಲಂಗಕ್ಕೂ ರವಿಕೆಗೂ ಒಳಮಡಿಕೆಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಕೆಂಪು ದಾರದಲ್ಲಿ 27 ಅಂತ ಹೊಲಿದುಕೊಳ್ಳುತ್ತಿದ್ದಳು. ಅದು ಆಶ್ರಮದಲ್ಲಿ ಅವಳ ನಂಬರು. ಅಲ್ಲಿಂದ ಹೊರಗೆ ಬಂದು ಅರವತ್ತು ವರ್ಷ ಕಳೆದಿತ್ತು, ಅವಳ ಬಟ್ಟೆಯನ್ನು ಇನ್ನೊಬ್ಬರ ಬಟ್ಟೆಯಿಂದ ಬೇರೆ ಮಾಡಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಹೊಲಿಯುತ್ತಿದ್ದಳು. 2019ರಲ್ಲಿ ಅವಳು ತೀರಿಕೊಂಡಾಗ ನಮ್ಮಮ್ಮ ಉಡಿಸಿದ ಸೀರೆಗೆ ಹೊಂದುವ ರವಿಕೆಯಲ್ಲೂ ಅದಿತ್ತು.

ನಾನು ಎಂ.ಎ.ಗೆ ಸೇರಿ ಉಪಭಾಷೆಗಳ ಪಾಠ ಕೇಳುತ್ತಿದ್ದಾಗ ಅಜ್ಜಿಯ ಮಾತುಗಳು ಬೇರೆ ಥರ ಕೇಳಿಸತೊಡಗಿದವು. ಮಿತ್ರರೇ, ಉಪಭಾಷಾ ವಿಜ್ಞಾನ ಪರೀಕ್ಷೆಗೆ ಮಾತ್ರ ಅಂತ ತಿಳಿದವರು ದಯವಿಟ್ಟು ಮುಂದಿನ ನಾಲ್ಕು ಸಾಲು ಓದಿ. ಅಜ್ಜಿ ಬೆಳೆದದ್ದು ಹಳೆಯ ಮದರಾಸು ಪ್ರಾಂತ್ಯದ ಒಂದು ಕನ್ನಡ ಊರಿನಲ್ಲಿ, ಸುತ್ತ ಎಲ್ಲ ಹೆಂಚಿನ ಮನೆ, ಬಿಡದೆ ಸುರಿಯುವ ಮಳೆ. ಅಲ್ಲಿಯವರು ‘ನೆಲಗಡಲೆ’ ಅನ್ನುವುದನ್ನು ಇವಳು ‘ಶೇಂಗಾ’ ಅನ್ನುತ್ತಿದ್ದಳು. ಆಶ್ರಮದಲ್ಲಿ ಎಲ್ಲರೂ ‘ಅಮ್ಮ’ ಅಂದರೆ ಇವಳು ಜ್ವರದಲ್ಲಿ ಕನವರಿಸುವಾಗ ‘ಅವ್ವಾ’ ಅನ್ನುತ್ತಿದ್ದಳು. ಇನ್ನೂ ಮುಖ್ಯವಾದದ್ದು, ಅವಳಿಗೆ ಇದ್ದ ಒಂದೇ ಒಂದು ನೆನಪು. ಮಾಳಿಗೆಯ ಮೇಲೆ ಹತ್ತಿ, ಬೆಳಕಿಂಡಿಯಿಂದ ಕೆಳಗೆ ಬಗ್ಗಿ ನೋಡಿದರೆ, ಒಳಗೆ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಾಳೆ. ಅವಳ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಇಷ್ಟೇ. ಮಣ್ಣಿನ ಮಾಳಿಗೆ, ಅದರಲ್ಲಿ ಬೆಳಕಿಂಡಿ, ಕೆಳಗೆ ಜೋಳದ ರೊಟ್ಟಿ. ಇದು ಮಳೆ ಸುರಿಯುವ ಸೀಮೆಯ ಮನೆ ಅಲ್ಲವೇ ಅಲ್ಲ. ಇದು ಬಳ್ಳಾರಿಯ ಕಡೆ, ಅಥವಾ ಅದರ ಆಚೆಈಚೆ. ಐದು ವರ್ಷದ ಕೂಸಿನ ನಾಲಗೆಯಲ್ಲಿ ಉಳಿದ ಎರಡು ಮೂರು ಪದಗಳು, ದೊಡ್ಡವರು ಅಳಿಸಿದ ಊರನ್ನು ಅಳಿಯಗೊಡದೆ ಇಟ್ಟುಕೊಂಡಿದ್ದವು.

ಅದನ್ನು ಹಿಡಿದುಕೊಂಡು 2023ರಲ್ಲಿ ಆ ಆಶ್ರಮಕ್ಕೆ ಹೋದೆ. ಹೆಸರು ಬೇಡ. ಒಳ್ಳೆಯ ಜನ, ಕಾಫಿ ಕೊಟ್ಟರು. ಹಾಲಿನ ಗೋಡೆಯ ತುಂಬ ಅಮೃತಶಿಲೆಯ ಫಲಕಗಳು. ಇಂಥವರು ಇಂಥ ವರ್ಷ ಬಾವಿ ತೋಡಿಸಿದರು, ಇಂಥವರು ಮಂಚ ಕೊಡಿಸಿದರು, ಒಬ್ಬ ಪುಣ್ಯಾತ್ಮರು ಗಂಟೆ ಮಾಡಿಸಿಕೊಟ್ಟರು. ಎಲ್ಲವೂ ತಾರೀಖಿನ ಸಮೇತ. “ಆಗಿನ ಮಕ್ಕಳ ಪಟ್ಟಿ ಇದೆಯಾ ಸಾರ್?” ಅಂತ ಕೇಳಿದೆ. “ಅಷ್ಟು ಹಳೇದು ಇರ್ಲಿಕ್ಕಿಲ್ಲ, ಗೆದ್ದಲು ಹಿಡಿದು ಸುಮಾರು ಸುಟ್ಟೆವು” ಅಂದರು. ದಾನಿಗಳ ಪಟ್ಟಿ ಕಲ್ಲಿನಲ್ಲಿ, ಮಕ್ಕಳ ಪಟ್ಟಿ ಕಾಗದದಲ್ಲಿ. ಗೆದ್ದಲು ಯಾವುದನ್ನು ತಿನ್ನುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಎರಡನೇ ಸಲ ಹೋದಾಗ ಅಲ್ಲಿಯ ಹಳೆಯ ಗುಮಾಸ್ತರೊಬ್ಬರು, ನನ್ನ ಮೇಲೆ ಮರುಕದಿಂದಲೋ ಕಾಟ ತಪ್ಪಲಿ ಅಂತಲೋ, ಉಳಿದಿದ್ದ ಒಂದು ರಿಜಿಸ್ಟರನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಕಾಲಂಗಳು ಇಂಗ್ಲಿಷಿನಲ್ಲಿ: ನಂಬರು, ಹೆಸರು, ಅಂದಾಜು ವಯಸ್ಸು, ಜಾತಿ, ತಂದವರು, ಬಿಟ್ಟ ದಿನ, ಷರಾ. 27 ಅನ್ನುವ ನಂಬರು ಮೂರು ಮಕ್ಕಳಿಗೆ ಕೊಟ್ಟಿತ್ತು. ಒಬ್ಬಳು ಬಿಟ್ಟುಹೋದ ಮೇಲೆ ಅವಳ ನಂಬರು, ಅವಳ ಮಂಚ, ಅವಳ ತಟ್ಟೆ ಮುಂದಿನವಳಿಗೆ. ವಯಸ್ಸು ಮತ್ತು ಬಿಟ್ಟ ವರ್ಷ ಹೊಂದುವವಳು ಒಬ್ಬಳೇ. ತಂದವರು: ರೈಲ್ವೆ ಪೊಲೀಸ್. ಜಾತಿ: ಒಂದು ಗೀಟು. ಷರಾ: ಹೊಲಿಗೆ ಬರುತ್ತದೆ, ನಡತೆ ತೃಪ್ತಿಕರ. ಹೆಸರಿನ ಜಾಗದಲ್ಲಿ ನಾವೆಲ್ಲ ಬಲ್ಲ ಅಜ್ಜಿಯ ಹೆಸರು ಇತ್ತು. ಆದರೆ ಅದರ ಕೆಳಗೆ, ಮೊದಲು ಬರೆದು ಹೊಡೆದುಹಾಕಿದ ಇನ್ನೊಂದು ಹೆಸರು. ಹೊಡೆದ ಶಾಯಿ ದಪ್ಪ. ಬೆಳಕಿಗೆ ಓರೆಯಾಗಿ ಹಿಡಿದಾಗ ಓದಲಾದದ್ದು ‘ಹುಲಿಗ’ ತನಕ. ಫೋಟೋ ತೆಗೆಯಲೇ ಅಂದೆ. “ಅದೆಲ್ಲ ಆಗೋದಿಲ್ಲ, ಕಮಿಟಿಯವರು ಒಪ್ಪಬೇಕು” ಅಂದರು. ಪುಸ್ತಕ ಮುಚ್ಚಿತು.

ಹುಲಿಗೆಮ್ಮ! ಆ ಹೆಸರು ಎಲ್ಲೆಂದರಲ್ಲಿ ಇಡುವ ಹೆಸರಲ್ಲ. ತುಂಗಭದ್ರೆಯ ದಂಡೆಯ ಹುಲಿಗಿಯ ದೇವಿಯ ಹೆಸರು ಅದು. ಹೊಸಪೇಟೆ, ಕೊಪ್ಪಳ, ಗಂಗಾವತಿ, ಬಳ್ಳಾರಿ ಸುತ್ತಿನಲ್ಲಿ ಮನೆಗೊಬ್ಬಳು ಸಿಗುತ್ತಾಳೆ. ಅಂದರೆ ಶೇಂಗಾ, ಅವ್ವ, ಬೆಳಕಿಂಡಿ, ಎಲ್ಲಕ್ಕೂ ಈ ಅರ್ಧ ಹೆಸರು ತಾಳೆಯಾಯಿತು. ಆಗ ಹೊಳೆಯ ಈಚೆ ದಂಡೆ ಮದರಾಸು ಸರ್ಕಾರದ್ದು, ಆಚೆ ದಂಡೆ ನಿಜಾಮರದ್ದು. ಯಾವ ದಂಡೆಯವಳು ಅಂತ ಮುಂದಿನ ಪ್ರಶ್ನೆ. ಅದು ಇರಲಿ. ಒಂದು ಮಗುವಿಗೆ ಅದರ ಹೆಸರನ್ನು ಹೊಡೆದುಹಾಕಿ ಇನ್ನೊಂದು ಹೆಸರು ಬರೆಯುವ ಹಕ್ಕು ಯಾರಿಗೆ ಇತ್ತು? ಇದ್ದಿತು ಅಂತಲೇ ಇಟ್ಟುಕೊಳ್ಳೋಣ. ಹೊಡೆದ ಹೆಸರನ್ನು ಅರವತ್ತು ವರ್ಷ ಅವಳಿಗೆ ಹೇಳದೆ ಬೀರುವಿನಲ್ಲಿ ಇಟ್ಟುಕೊಳ್ಳುವ ಹಕ್ಕು?

ಇಲ್ಲಿ ನನಗೆ ಕರ್ಣ ನೆನಪಾಗುತ್ತಾನೆ. ಪಂಪನಿಂದ ಕುಮಾರವ್ಯಾಸನ ತನಕ ಕನ್ನಡ ಕವಿಗಳು ಕರ್ಣನಿಗಾಗಿ ಸುರಿಸಿದ ಕಣ್ಣೀರು ಇನ್ನಾರಿಗೂ ಸುರಿಸಿಲ್ಲ. ತರಗತಿಯಲ್ಲಿ ಆ ಭಾಗ ಬಂದರೆ ನಮ್ಮ ಮೇಷ್ಟರ ಗಂಟಲೂ ಕಟ್ಟುತ್ತದೆ. ಆದರೆ ಕತೆಯ ವ್ಯವಹಾರವನ್ನು ಸ್ವಲ್ಪ ಗಮನಿಸಿ. ಕರ್ಣನ ಜನ್ಮವೃತ್ತಾಂತ ಸೂರ್ಯನಿಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು. ಕರ್ಣನಿಗೇ ಗೊತ್ತಿಲ್ಲ. ಅವನಿಗೆ ಅದನ್ನು ಹೇಳುವುದು ಯಾವಾಗ? ಸೂತಪುತ್ರ ಅಂತ ತುಂಬಿದ ಸಭೆಯಲ್ಲಿ ಹಂಗಿಸಿದಾಗ ಅಲ್ಲ. ಯುದ್ಧ ಹೊಸ್ತಿಲಿಗೆ ಬಂದು, ಹೇಳುವವರಿಗೆ ಅದರಿಂದ ಲಾಭವಿದೆ ಅಂತ ಆದಾಗ. ದಫ್ತರ ಯಾರ ಕೈಯಲ್ಲಿದೆಯೋ ಅವರು ತಮಗೆ ಬೇಕಾದಾಗ ತೆರೆಯುತ್ತಾರೆ. ಕರ್ಣನ ದುರಂತವನ್ನು ವಿಧಿ, ಶಾಪ, ಋಣ ಅಂತೆಲ್ಲ ವಿವರಿಸುವ ನಾವು, ಇದು ಮಾಹಿತಿ ಮುಚ್ಚಿಟ್ಟವರ ಕತೆ ಅಂತ ಯಾಕೆ ಓದಬಾರದು? ‘ವಂಶವೃಕ್ಷ’ದ ಶ್ರೋತ್ರಿಯವರಿಗೂ ತಮ್ಮ ಹುಟ್ಟಿನ ಸತ್ಯ ಗೊತ್ತಾಗುವುದು ಮುದುಕರಾದ ಮೇಲೆ, ಹಳೆಯ ಕಾಗದಗಳಿಂದ. ಕಾದಂಬರಿಯಲ್ಲಿ ಕಾಗದ ಸಿಗುತ್ತದೆ. ಜೀವನದಲ್ಲಿ ಕಮಿಟಿ ಒಪ್ಪಬೇಕು.

ನಮ್ಮಜ್ಜಿಯದು ಒಂಟಿ ಕತೆಯಲ್ಲ. ನಾವು ಓದುತ್ತಿರುವ ಈ ಮದರಾಸಿನಲ್ಲೇ ದಿಕ್ಕಿಲ್ಲದವರ ಮನೆಗೆ ಇನ್ನೂರ ನಲವತ್ತು ವರ್ಷದ ಇತಿಹಾಸ ಇದೆ. ಮಣೆಗಾರ್ ಛತ್ರ ಶುರುವಾದದ್ದು 1782ರಲ್ಲಿ, ಒಂದು ಕ್ಷಾಮದ ಗಂಜಿಕೇಂದ್ರವಾಗಿ. ಆ ಕ್ಷಾಮಕ್ಕೆ ದೊಡ್ಡ ಕಾರಣ ನಮ್ಮ ಮೈಸೂರಿನಿಂದ ಇಳಿದುಬಂದ ಹೈದರಾಲಿಯ ದಂಡು, ಅದನ್ನೂ ಕನ್ನಡಿಗರು ನೆನಪಿಟ್ಟುಕೊಳ್ಳಬೇಕು. ಛತ್ರದ ಪಕ್ಕ ಬೆಳೆದ ಆಸ್ಪತ್ರೆಯೇ ಇಂದಿನ ಸ್ಟಾನ್ಲಿ. ಹಳಬರು ಈಗಲೂ ಅದನ್ನು ಗಂಜಿತೊಟ್ಟಿ ಆಸ್ಪತ್ರೆ ಅನ್ನುತ್ತಾರೆ. ಆಮೇಲೆ 1876ರಿಂದ 78ರ ತನಕ ಬಂತು ಧಾತು ಈಶ್ವರದ ಬರ. ಮೈಸೂರು ಸಂಸ್ಥಾನದ 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಐವತ್ತೈದು ಸಾವಿರ ಇದ್ದ ಜನ 1881ರಲ್ಲಿ ನಲವತ್ತೊಂದು ಲಕ್ಷ ಎಂಬತ್ತಾರು ಸಾವಿರಕ್ಕೆ ಇಳಿದಿದ್ದರು. ಬಳ್ಳಾರಿ ಜಿಲ್ಲೆಯ ಗತಿಯೂ ಅದೇ. ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಸಾಕು ಅಂತ ಸರ್ ರಿಚರ್ಡ್ ಟೆಂಪಲ್ ಎಂಬ ಮಹಾಶಯ 1877ರ ಜನವರಿಯಲ್ಲಿ ಗೊತ್ತು ಮಾಡಿದ. ಹೆಂಗಸಿಗೆ, ಮಗುವಿಗೆ ಇನ್ನೂ ಕಮ್ಮಿ. ಇದು ಸಾಲದು ಅಂತ ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಜಗಳವಾಡಿದ. ಆ ಜಗಳದ ಕಾಗದ ಪತ್ರ ಎಲ್ಲ ಉಳಿದಿದೆ. ಒಂದು ಪೌಂಡಿನಲ್ಲಿ ಬದುಕಲಾರದೆ ಹೋದವರ ಮಕ್ಕಳು ಮಿಷನ್ನಿನವರ ಅನಾಥಾಲಯಗಳಿಗೆ ಸೇರಿದರು. ವೆಸ್ಲಿಯನ್ನರದು ತುಮಕೂರಿನಲ್ಲಿ ಹುಡುಗರಿಗೆ, ಹಾಸನದಲ್ಲಿ ಹುಡುಗಿಯರಿಗೆ.

ಮಿಷನ್ನುಗಳ ಬಗ್ಗೆ ನಮ್ಮಲ್ಲಿ ಎರಡೇ ಅಭಿಪ್ರಾಯ. ಒಂದೋ ಅವರು ದೇವತೆಗಳು, ಇಲ್ಲಾ ಮತಾಂತರದ ದಲ್ಲಾಳಿಗಳು. ನನ್ನದು ಮೂರನೆಯದು: ಅವರು ಬರೆದಿಟ್ಟರು. ಕಿಟ್ಟೆಲ್ ಕೋಶವನ್ನು 1894ರಲ್ಲಿ ಅಚ್ಚು ಹಾಕಿದ ಬಾಸೆಲ್ ಮಿಷನ್ನು, ತನ್ನ ಶಾಲೆ, ಹೆಂಚಿನ ಕಾರ್ಖಾನೆ, ಮಗ್ಗ, ಮಕ್ಕಳು ಎಲ್ಲದರ ಬಗ್ಗೆ ವರ್ಷವರ್ಷ ವರದಿ ಕಳಿಸುತ್ತಿತ್ತು, ಫೋಟೋ ತೆಗೆಯುತ್ತಿತ್ತು. ಅವು ಇವತ್ತಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ದಫ್ತರಖಾನೆಯಲ್ಲಿ ಇವೆ. ದುಡ್ಡು ಕೊಟ್ಟ ಅಲ್ಲಿಯ ಭಕ್ತರಿಗೆ ಲೆಕ್ಕ ಒಪ್ಪಿಸಬೇಕಿತ್ತು, ಆದ್ದರಿಂದ ಬರೆದರು ಅಂತ ಯಾರಾದರೂ ಹೇಳಬಹುದು. ಹೇಳಲಿ. ನೂರೈವತ್ತು ವರ್ಷದ ಹಿಂದೆ ಮಿಷನ್ನಿನ ಮನೆಗೆ ಸೇರಿದ ಒಬ್ಬ ಹುಡುಗಿಯ ಜಾಡು ಹಿಡಿಯುವ ಆಸೆಯನ್ನಾದರೂ ಇವತ್ತು ಇಟ್ಟುಕೊಳ್ಳಬಹುದು. ಎರಡನೇ ಮಹಾಯುದ್ಧದ ರೇಷನ್ ಕಾಲದಲ್ಲಿ ನಮ್ಮವರೇ, ನಮ್ಮ ಭಾಷೆಯವರೇ ನಡೆಸುತ್ತಿದ್ದ ಮನೆಗೆ ಸೇರಿದ ಹುಡುಗಿಗೆ ಆ ಆಸೆಯೂ ಇಲ್ಲ. ಇದು ನಮಗೆ ನಾಚಿಕೆಯ ಸಂಗತಿ ಅಂತ ಬರೆಯಲು ನನಗೆ ಸಂಕೋಚವಿಲ್ಲ.

ಹೊರಗಿನ ಒಂದು ದೇಶದ ಮಾತು ಹೇಳಬೇಕು. ಐರ್ಲೆಂಡು. ನಮಗೆ ದೂರದ ದೇಶವೇನಲ್ಲ. 1842ರಲ್ಲೇ ಅಲ್ಲಿಯ ಪ್ರೆಸೆಂಟೇಷನ್ ಸಂಘದ ಸನ್ಯಾಸಿನಿಯರು ಮದರಾಸಿಗೆ ಬಂದು ಕರಿಯರ ಪೇಟೆಯಲ್ಲಿ ಶಾಲೆ ತೆರೆದಿದ್ದರು. ನಮ್ಮ ಹಾಗೇ ಅವರೂ ಇಂಗ್ಲಿಷರ ಕೈಕೆಳಗಿದ್ದವರು, ಅವರಿಗೂ ಮಹಾಕ್ಷಾಮ ಬಡಿಯಿತು, 1845ರಿಂದ ಆಚೆಗೆ. ಅದಕ್ಕೂ ಮೊದಲು, 1838ರ ಬಡವರ ಕಾನೂನಿನ ಪ್ರಕಾರ, ಊರೂರಿಗೆ ವರ್ಕ್‌ಹೌಸ್ ಎಂಬ ಕಲ್ಲಿನ ಕಟ್ಟಡ ಕಟ್ಟಿದ್ದರು. ಹಸಿದವನು ಅಲ್ಲಿಗೆ ಬಂದು ದುಡಿದರೆ ಅಂಬಲಿ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಒಳಗೆ ಬರಲು ನಾಚಬೇಕು, ಅಷ್ಟು ಕಷ್ಟವಾಗಿರಬೇಕು ಅನ್ನುವುದೇ ಅದರ ತತ್ತ್ವ. ಬರದಲ್ಲಿ ಟೆಂಪಲ್ ಸಾಹೇಬ ಇಲ್ಲಿ ಅಳೆದ ಒಂದು ಪೌಂಡಿನ ಹಿಂದೆಯೂ ಅದೇ ತತ್ತ್ವ. ಮುಂದೆ ದೇಶ ಸ್ವತಂತ್ರವಾಯಿತು, ಕಟ್ಟಡಗಳು ಹಾಗೇ ಇದ್ದವು. ಟ್ಯೂಅಮ್ ಎಂಬ ಊರಿನ ವರ್ಕ್‌ಹೌಸ್ ಕಟ್ಟಡವೇ 1925ರಿಂದ 1961ರ ತನಕ ಮದುವೆಯಾಗದೆ ಬಸುರಾದ ಹೆಂಗಸರ ಮತ್ತು ಅವರ ಮಕ್ಕಳ ಆಶ್ರಮವಾಗಿತ್ತು. ಅಲ್ಲಿಯ ಕ್ಯಾಥರೀನ್ ಕೋರ್ಲೆಸ್ ಎಂಬ ಗೃಹಿಣಿ, ಯಾವ ಯೂನಿವರ್ಸಿಟಿಯ ಪ್ರೊಫೆಸರೂ ಅಲ್ಲ, ಆ ಆಶ್ರಮದಲ್ಲಿ ಸತ್ತ ಮಕ್ಕಳ ಮರಣಪತ್ರಗಳನ್ನು ಒಂದೊಂದಾಗಿ ಕೈಯಿಂದ ದುಡ್ಡು ಕೊಟ್ಟು ತೆಗೆಸಿದಳು. ಒಟ್ಟು 796. ಸ್ಮಶಾನದ ದಫ್ತರದಲ್ಲಿ ಅವರನ್ನು ಹೂಳಿದ ಗುರುತು ಇಲ್ಲ. ಅವಳು ಅದನ್ನು ಬರೆದದ್ದು 2012ರಲ್ಲಿ, ತನ್ನ ಊರಿನ ಇತಿಹಾಸ ಸಂಘದ ಒಂದು ಪುಟ್ಟ ಪತ್ರಿಕೆಯಲ್ಲಿ. ಹೆಚ್ಚೂಕಮ್ಮಿ ನಮ್ಮ ಈ ಪತ್ರಿಕೆಯಂಥದೇ ಅನ್ನಿ. ಎರಡು ವರ್ಷ ಯಾರೂ ತಿರುಗಿ ನೋಡಲಿಲ್ಲ. 2014ರಲ್ಲಿ ದೊಡ್ಡ ಪತ್ರಿಕೆಗಳು ಎತ್ತಿಕೊಂಡವು, ಸರ್ಕಾರ ಆಯೋಗ ನೇಮಿಸಿತು, 2021ರ ಜನವರಿಯಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2025ರಲ್ಲಿ ಆ ಜಾಗದ ಅಗೆತ ಶುರುವಾಯಿತು. ನಡುವೆ 2022ರಲ್ಲಿ ಒಂದು ಕಾನೂನು ಬಂತು: ಇಂಥ ಮನೆಗಳಲ್ಲಿ ಇದ್ದವರು, ದತ್ತು ಹೋದವರು ತಮ್ಮ ಜನನಪತ್ರವನ್ನೂ ಬಾಲ್ಯದ ದಾಖಲೆಗಳನ್ನೂ ಪಡೆಯಬಹುದು. ಅವರು ತೀರಿಹೋಗಿದ್ದರೆ ಅವರ ಮಕ್ಕಳು ಕೇಳಬಹುದು.

ಇನ್ನು ನಮ್ಮಲ್ಲಿ? ದತ್ತು ಹೋದ ಮಕ್ಕಳಿಗೆ 2022ರ ದತ್ತಕ ನಿಯಮಾವಳಿಯಲ್ಲಿ ‘ಮೂಲದ ಹುಡುಕಾಟ’ ಅಂತ ಒಂದು ಅವಕಾಶ ಇದೆ. ಆದರೆ ಹುಡುಕಬೇಕಾದವರು ಅವರೇ. ಮೂರನೆಯವರಿಗೆ ಅಪ್ಪಣೆ ಇಲ್ಲ. ದತ್ತು ಹೋಗದೆ ಆಶ್ರಮದಲ್ಲೇ ಬೆಳೆದು ಹೊರಬಿದ್ದ ಅಜ್ಜಿಯಂಥವರು ಆ ನಿಯಮದ ಪುಟಕ್ಕೇ ಬರುವುದಿಲ್ಲ. ಮಾಹಿತಿ ಹಕ್ಕಿನ ಕಾಯಿದೆ 2005ರಿಂದ ಇದೆ, ಅದು ಸರ್ಕಾರಿ ಕಚೇರಿಗೆ. ಖಾಸಗಿ ಧರ್ಮಸಂಸ್ಥೆಯ ಬೀರುವಿಗೆ ಅದರ ಬೀಗದಕೈ ಹೊಂದುವುದಿಲ್ಲ. ಆಶ್ರಮಗಳು ಲೈಸೆನ್ಸು ಪಡೆಯಬೇಕು ಅನ್ನುವ ಕಾನೂನುಗಳೇ ಬಂದದ್ದು 1956ರಲ್ಲಿ, 1960ರಲ್ಲಿ. ಅಷ್ಟು ಹೊತ್ತಿಗೆ ಅಜ್ಜಿಯ ಬಾಲ್ಯವೇ ಮುಗಿದಿತ್ತು. ಒಂದು ವಿಚಿತ್ರ ಹೇಳುತ್ತೇನೆ: ತಮಿಳುನಾಡು ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ, ಸಾಲುಸಾಲು ಜಾತಿಗಳ ಹೆಸರಿನ ನಡುವೆ, ಹತ್ತು ವರ್ಷದೊಳಗೆ ತಂದೆತಾಯಿ ಕಳೆದುಕೊಂಡು ಆಶ್ರಮ ಸೇರಿದ ಮಕ್ಕಳದೂ ಒಂದು ಸಾಲು ಇದೆ. ಉದ್ದೇಶ ಒಳ್ಳೆಯದು, ಎರಡು ಮಾತಿಲ್ಲ. ಆದರೆ ನೋಡಿ, ಜಾತಿಯಿಲ್ಲದವನಿಗೂ ಜಾತಿಯ ಪಟ್ಟಿಯಲ್ಲೇ ಜಾಗ ಮಾಡಬೇಕಾಯಿತು ನಮ್ಮ ದೇಶದಲ್ಲಿ!

ನನ್ನ ವಾದಕ್ಕೆ ಎದುರುವಾದಗಳಿವೆ. ಅವುಗಳಲ್ಲಿ ಎರಡು ಹಗುರವಾದವಲ್ಲ. ಮೊದಲನೆಯದು ನಮ್ಮಜ್ಜಿಯದೇ. “ಅನ್ನ ಹಾಕಿದ ಮನೆ ಮಗಾ, ಅದರ ಮೇಲೆ ಮಾತಾಡಬಾರದು” ಅನ್ನುತ್ತಿದ್ದಳು. ಆ ಮಾತಿಗೆ ನಾನು ತಲೆಬಾಗುತ್ತೇನೆ. ರೈಲ್ವೆ ಸ್ಟೇಷನ್ನಿನಲ್ಲಿ ಬಿದ್ದಿದ್ದ ಕೂಸನ್ನು ಎತ್ತಿ ಬದುಕಿಸಿದವರು, ಹೊಲಿಗೆ ಕಲಿಸಿ ಕಾಲಮೇಲೆ ನಿಲ್ಲಿಸಿದವರು ಅವರು. ಆ ಅನ್ನ ಇಲ್ಲದಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ. ಆದರೆ ಅನ್ನದ ಋಣಕ್ಕೆ ಹೆಸರನ್ನು ಅಡವಿಡಬೇಕು ಅಂತ ಯಾವ ಧರ್ಮಶಾಸ್ತ್ರ ಹೇಳಿದೆ? ಗೋವಿನ ಹಾಡಿನ ಪುಣ್ಯಕೋಟಿ ಕೂಡ, ಸಾಯಲು ಹೊರಡುವ ಮುಂಚೆ ಕರುವನ್ನು ಬಳಗದ ಹಸುಗಳ ಕೈಗೆ ಒಪ್ಪಿಸಿ ಹೋಗುತ್ತಾಳೆ. ತಬ್ಬಲಿಯಾದರೂ ಆ ಕರುವಿಗೆ ತಾನು ಯಾರ ಕರು ಅಂತ ಗೊತ್ತಿರುತ್ತದೆ.

ಎರಡನೆಯದು ತಾಯಂದಿರ ಗುಟ್ಟಿನ ವಿಚಾರ. ದಫ್ತರ ತೆರೆದರೆ, ಯಾವುದೋ ಸಂಕಟದಲ್ಲಿ ಮಗುವನ್ನು ಬಿಟ್ಟುಹೋದ ಹೆಂಗಸಿನ ಹೆಸರು ಬೀದಿಗೆ ಬರುವುದಿಲ್ಲವೇ? ಬದುಕಿರುವವರ ವಿಷಯದಲ್ಲಿ ಈ ಭಯ ನ್ಯಾಯವಾದದ್ದು. ನಾನು ಕೇಳುತ್ತಿರುವುದು ಬೀದಿಯಲ್ಲಿ ಓದಿಸುವುದನ್ನಲ್ಲ. ಆ ಸಾಲಿನ ಮಗುವಿಗೆ, ಇಲ್ಲವೇ ಆ ಮಗುವಿನ ಮಕ್ಕಳು ಮೊಮ್ಮಕ್ಕಳಿಗೆ, ಆ ಒಂದು ಸಾಲು. ಎಪ್ಪತ್ತು ಎಂಬತ್ತು ವರ್ಷ ಆದ ಮೇಲೆ ಯಾರ ಮರ್ಯಾದೆ ಕಾಪಾಡುತ್ತಿದ್ದೇವೆ? ತಾಯಿಯದೋ, ಅವಳನ್ನು ಆ ಗತಿಗೆ ತಂದವರದೋ?

ಮೂರನೆಯದು ನಮ್ಮ ಸೋದರಮಾವನದು. “ಸತ್ತವಳ ಗಂಟು ಬಿಚ್ಚಬೇಡ. ಒಳಗೆ ಏನಿರುತ್ತೋ. ನಾಳೆ ನಿನ್ನ ತಂಗಿಗೆ ಸಂಬಂಧ ನೋಡಬೇಕು” ಅಂದರು. ಮಾವ ಒಳ್ಳೆಯವರು, ನನ್ನ ಫೀಜು ಕಟ್ಟಿದವರು, ಅವರಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ. ಆದರೆ ಈ ಒಂದು ವಿಷಯದಲ್ಲಿ ಅವರು ಹೆದರಿದ್ದು ಅಜ್ಜಿಗಾಗಿ ಅಲ್ಲ, ಜಾತಿಯ ಕಾಲಂನಲ್ಲಿ ಗೀಟಿನ ಬದಲು ಏನಾದರೂ ಬರೆದಿದ್ದರೆ ಎಂದು. ನನಗೆ ಆ ಗೀಟನ್ನು ಕಂಡು ಸಮಾಧಾನವೇ ಆಯಿತು. ನಾನು ಹುಡುಕುತ್ತಿರುವುದು ಕುಲವನ್ನಲ್ಲ. ಬೆಳಕಿಂಡಿಯ ಕೆಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸನ್ನು. ಈ ವ್ಯತ್ಯಾಸ ಮಾವನಿಗೆ ಇನ್ನೂ ಒಪ್ಪಿಗೆಯಾಗಿಲ್ಲ, ನಮ್ಮ ಮನೆಯಲ್ಲಿ ಮಾತು ನಡೆಯುತ್ತಲೇ ಇದೆ. ಅಮ್ಮ ಎರಡೂ ಕಡೆ ಕೇಳಿ ಸುಮ್ಮನಿರುತ್ತಾಳೆ. ಆದರೆ ಈ ಸಲ ಅಜ್ಜಿಯ ತಿಥಿಯ ದಿನ, ಯಾರಿಗೂ ಹೇಳದೆ, ಎಲೆಯಲ್ಲಿ ಒಂದು ಜೋಳದ ರೊಟ್ಟಿ ಇಟ್ಟಿದ್ದಳು. ಕೊಳ್ಳೇಗಾಲದ ಕಡೆಯ ನಮ್ಮ ಮನೆಯಲ್ಲಿ ಮಾಡುವುದು ರಾಗಿ. ಜೋಳದ ಹಿಟ್ಟನ್ನು ಎಲ್ಲಿಂದ ತಂದಳೋ.

ಈಗ ಕನ್ನಡದ ವಿದ್ಯಾರ್ಥಿಗಳಿಗೆ, ಅದರಲ್ಲೂ ಮದರಾಸಿನಲ್ಲಿರುವ ನಮಗೆ, ಇದರಲ್ಲಿ ಏನು ಕೆಲಸ ಅಂತ ಕೇಳಬಹುದು. ಬೇಕಾದಷ್ಟು ಇದೆ. ಬಳ್ಳಾರಿ ಮದರಾಸು ರಾಜ್ಯವನ್ನು ಬಿಟ್ಟದ್ದು 1953ರ ಅಕ್ಟೋಬರ್ 1ಕ್ಕೆ. ದಕ್ಷಿಣ ಕನ್ನಡ, ಕೊಳ್ಳೇಗಾಲ ಬಿಟ್ಟದ್ದು 1956ರ ನವೆಂಬರ್ 1ಕ್ಕೆ. ಜಿಲ್ಲೆಗಳು ಹೋದವು, ಮದರಾಸು ಸರ್ಕಾರ ನೂರೈವತ್ತು ವರ್ಷ ಆ ಜಿಲ್ಲೆಗಳ ಬಗ್ಗೆ ನಡೆಸಿದ ಕಾಗದ ಪತ್ರ ಎಗ್ಮೋರಿನ ದಫ್ತರಖಾನೆಯ ಕೆಂಪು ಕಟ್ಟಡದಲ್ಲಿ ಇದೆ. ಕನ್ನಡದ ಮಕ್ಕಳ ಕತೆ, ಇಂಗ್ಲಿಷಿನಲ್ಲಿ ಬರೆದದ್ದು, ತಮಿಳರ ಊರಿನಲ್ಲಿ. ಬೆಂಗಳೂರಿನ ಸಂಶೋಧಕರು ಅದಕ್ಕಾಗಿ ರಜೆ ಹಾಕಿ, ರೂಮು ಮಾಡಿ ಬರಬೇಕು. ನಾವು ವಡಪಳನಿಯಿಂದ ಬಸ್ಸು ಹತ್ತಿದರೆ ಸಾಕು. ಶಾಸನದ ಅಕ್ಷರ ಓದಲು ಕಲಿಯುವ ನಮಗೆ ಹೊಡೆದುಹಾಕಿದ ಹೆಸರು ಓದಲು ಕಷ್ಟವೇ? ನಮ್ಮ ಸಂಘ ವರ್ಷಕ್ಕೊಂದು ಕವಿಗೋಷ್ಠಿ, ಒಂದು ರಾಜ್ಯೋತ್ಸವ, ಒಂದು ಮೈಸೂರು ಪ್ರವಾಸ ಮಾಡುತ್ತದೆ. ಮಾಡಲಿ. ಜೊತೆಗೆ ನಾಲ್ಕು ಜನ, ತಿಂಗಳಿಗೆ ಎರಡು ಶನಿವಾರ, ಹಳೆಯ ಕನ್ನಡ ಜಿಲ್ಲೆಗಳ ಆಶ್ರಮಗಳಿಗೆ ಹೋಗಿ, ಉಳಿದಿರುವ ರಿಜಿಸ್ಟರುಗಳು ಯಾವುವು, ಯಾವ ವರ್ಷದವು ಅಂತ ಒಂದು ಪಟ್ಟಿ ಮಾಡೋಣ. ಒಳಗಿನ ಹೆಸರು ಬೇಡ, ಪುಸ್ತಕಗಳ ಪಟ್ಟಿ ಸಾಕು. ಇವು ಇವೆ ಅಂತ ಹೊರಗಿನವರಿಗೆ ಗೊತ್ತಾದರೆ ಸುಡುವವರ ಕೈ ಸ್ವಲ್ಪ ತಡೆಯುತ್ತದೆ. ಯಾರು ಬರುತ್ತೀರಿ, ಸಂಘದ ಕಾರ್ಯದರ್ಶಿಯವರ ಹತ್ತಿರ ಹೆಸರು ಕೊಡಿ.

ಆಶ್ರಮದ ಕಮಿಟಿಗೆ ನಾನು ಬರೆದ ಮೊದಲ ಕಾಗದಕ್ಕೆ ಉತ್ತರ ಬರಲಿಲ್ಲ. ಕಳೆದ ವಾರ ಎರಡನೆಯದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಅದರಲ್ಲಿ ಕೇಳಿರುವುದು ಒಂದೇ: 27ನೆಯ ನಂಬರಿನ, ನಡತೆ ತೃಪ್ತಿಕರವಾದ ಹುಡುಗಿಯ ಸಾಲಿನ ಒಂದು ನಕಲು. ಸಹಿಯನ್ನು ನಾನು ಹಾಕಲಿಲ್ಲ. ಅಮ್ಮ ಹಾಕಿದಳು. ಕೆಳಗೆ, ಇಂಥವರ ಮಗಳು ಅಂತ ಬರೆಯುವ ಜಾಗದಲ್ಲಿ, ಎರಡು ಹೆಸರನ್ನೂ ಬರೆದಳು.